ಸ್ವಲ್ಪ ಕೂತ್ಕೊಳ್ಳಿ, ಹೂವು ಬಿಡ್ತಾ ಇದೆ

ನಮ್ಮ ಮನೆಗೆ ಬರುವುದು ಸುಲಭ, ಎದ್ದು ಹೋಗುವುದು ಕಷ್ಟ. ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಗೇಟಿಗೆ ಬೀಗವಿಲ್ಲ. ನಾಯಿಗೆ ಹಲ್ಲಿದೆ, ಆಸಕ್ತಿಯಿಲ್ಲ. ಆದರೆ ಒಮ್ಮೆ ಜಗಲಿಯ ಕುರ್ಚಿಯಲ್ಲಿ ಕೂತಿರೋ, ಅಲ್ಲಿಂದ ಏಳಲು ನಮ್ಮ ಅತ್ತೆಯವರ ಅಪ್ಪಣೆಯಾಗಬೇಕು. ಬಂದವರು "ಹಂಗಾರೆ..." ಎಂದು ಮೊಣಕಾಲ ಮೇಲೆ ಕೈಯೂರಿದ ಕೂಡಲೇ ಒಳಗೆ ಅಡುಗೆಮನೆಯಲ್ಲಿರುವ ಅವರಿಗೆ ಅದು ಹೇಗೋ ತಿಳಿದುಬಿಡುತ್ತದೆ. ಎಲ್ಲಿಗೆ ಎಂದು ಕೇಳುವುದಿಲ್ಲ, ಹೊರಟವರನ್ನು ಹಾಗೆ ಕೇಳಬಾರದು. "ಕಾಫಿಗೆ ಇಟ್ಟೀನಿ, ಕುಡ್ಕಂಡು ಹೋದ್ರಾಯ್ತು" ಎನ್ನುತ್ತಾರೆ, ಅಷ್ಟೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಒಲೆಯ ಮೇಲೆ ಏನೂ ಇರುವುದಿಲ್ಲ. ಒಲೆಯನ್ನೇ ಹಚ್ಚಿರುವುದಿಲ್ಲ. ಬಂದವರು ಮತ್ತೆ ಕೂರುತ್ತಾರೆ. ಅವರು ಕೂತದ್ದು ಖಾತ್ರಿಯಾದ ಮೇಲೆ ಅತ್ತೆ ಪಾತ್ರೆಗೆ ನೀರು ಸುರಿಯುತ್ತಾರೆ. ಕಾಫಿಯ ಬೆನ್ನಿಗೆ ಕೋಡುಬಳೆ, ಕೋಡುಬಳೆಯ ಬೆನ್ನಿಗೆ ಯಾರದೋ ಮದುವೆಯ ಸುದ್ದಿ, ಅದು ಮುಗಿಯುವಷ್ಟರಲ್ಲಿ ಬಸ್ಸು ಘಾಟಿ ಇಳಿದು ಹೋಗಿರುತ್ತದೆ.

ನಾನು ಈ ಮನೆಯ ಸೊಸೆ. ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ಹೇಳಿಕೊಡುತ್ತೇನೆ ಎಂದರೆ, ಮಕ್ಕಳಿಗೆ ಆಗಲೇ ಗೊತ್ತಿರುವುದನ್ನು ಅವರಿಗಿಂತ ನಿಧಾನವಾಗಿ ಮಾಡಿ ತೋರಿಸುತ್ತೇನೆ. ಇಂಥ ನಾನು ಈ ಬೇಸಿಗೆಯಲ್ಲಿ ಒಂದು ಸ್ಕ್ರಿಪ್ಟು ಬರೆದೆ. ನಾಟಕದ್ದಲ್ಲ, ಕಂಪ್ಯೂಟರಿನದು. ಹೀಗಾದರೆ ಹೀಗೆ ಮಾಡು, ಹಾಗಾದರೆ ಹಾಗೆ ಮಾಡು ಎಂದು ಯಂತ್ರಕ್ಕೆ ಸಾಲಾಗಿ ಹೇಳಿಡುವ ಒಂದು ಸಣ್ಣ ಬರಹ. ನನ್ನ ಸ್ಕ್ರಿಪ್ಟಿಗೆ ಇದ್ದದ್ದು ಒಂದೇ ಕೆಲಸ. ಯಾರಾದರೂ ಕಂಪ್ಯೂಟರನ್ನು ಶಟ್‌ಡೌನ್ ಮಾಡಲೋ ಲಾಗಾಫ್ ಆಗಲೋ ಹೊರಟರೆ ಅಡ್ಡ ಬಂದು ನಿಲ್ಲಿಸುವುದು. ಬರೆದು ಮುಗಿಸಿ ನೋಡುತ್ತೇನೆ, ಅದು ಅಚ್ಚು ನಮ್ಮ ಅತ್ತೆ.

ಬರೆಯಬೇಕಾಗಿ ಬಂದದ್ದೂ ಅತ್ತೆಯವರಿಂದಲೇ. ನಮ್ಮ ಮನೆಯ ಪಕ್ಕಕ್ಕೆ, ಕಣದ ಅಂಚಿನಿಂದ ಶುರುವಾಗಿ ಇಳಿಜಾರಿಗೆ ಹಬ್ಬಿದ ಒಂದು ಹಳೆಯ ಅರೇಬಿಕಾ ಕಾಫಿಯ ಬ್ಲಾಕಿದೆ. ಇದೆ ಎಂದು ಬರೆಯುವುದು ನನ್ನ ಕೈಯ ರೂಢಿ, ಇತ್ತು ಎನ್ನಬೇಕು. ಮದುವೆಯಾಗಿ ಬಂದ ವರ್ಷ ಅತ್ತೆ ತಮ್ಮ ಅತ್ತೆಯ ಜೊತೆ ನಿಂತು ಆ ಗಿಡಗಳನ್ನು ನೆಟ್ಟಿದ್ದರಂತೆ. ಈಚೆಗೆ ಅವಕ್ಕೆ ಕಾಂಡ ಕೊರೆಯುವ ಬೋರರ್ ಹುಳು ಹಿಡಿದು ಒಳಗೆಲ್ಲ ಪೊಳ್ಳಾಗಿತ್ತು. ಒಂದು ಗಿಡ ಕಿತ್ತರೆ ಪಕ್ಕದ್ದು ಒಣಗುತ್ತಿತ್ತು. ಈ ಮಳೆಗಾಲಕ್ಕೆ ಅಷ್ಟನ್ನೂ ತೆಗೆಸಿ ಆ ಹುಳು ಹಿಡಿಯದ ರೊಬಸ್ಟಾ ಕಾಫಿ ಹಾಕುವುದೆಂದು ನನ್ನ ಗಂಡ ತೀರ್ಮಾನಿಸಿದರು. ಸರಿಯಾದ ತೀರ್ಮಾನವೇ. ಮಾವ ತಲೆಯಾಡಿಸಿದರು, ಅತ್ತೆಯೂ ಬೇಡವೆನ್ನಲಿಲ್ಲ. ಅನ್ನ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು, "ಹೂವೊಂದು ಬಂದು ಹೋಗ್ಲಿ ಮಗಾ. ಆಮೇಲೆ ತೆಗೆಸು" ಎಂದರು.

"ಹೂವು ಬಂದ್ರೆ ಕಾಯಿ ಕಟ್ಲಿ ಅಂತೀಯ, ಕಾಯಿ ಕಟ್ಟಿದ್ರೆ ಹಣ್ಣಾಗ್ಲಿ ಅಂತೀಯ" ಎಂದರು ನಮ್ಮವರು. ತಾಯಿಯ ಕಾಫಿಯ ಕಥೆ ಅವರಿಗೆ ಗೊತ್ತಿಲ್ಲದ್ದೇನಲ್ಲ.

"ಇಲ್ಲ, ಹೂವಷ್ಟೇ" ಎಂದರು ಅತ್ತೆ.

ಆ ಮಧ್ಯಾಹ್ನ ಪಾತ್ರೆ ಒರೆಸುತ್ತಾ ಅವರು ನನಗೆ ಇನ್ನೊಂದು ಮಾತು ಹೇಳಿದರು. "ಇಷ್ಟು ಕಾಲ ಆ ಗಿಡಗಳ ಜೊತೆಗೇ ಇದ್ದೆ. ಸಂಜೆ ನೋಡಿದ್ರೆ ಮೊಗ್ಗು, ಬೆಳಿಗ್ಗೆ ಎದ್ದು ನೋಡಿದ್ರೆ ಹೂವು. ನಡುವೆ ಎಂತ ಆಗ್ತದೆ ಅಂತ ನಾನು ಕಂಡೇ ಇಲ್ಲ ನೋಡು ಮಾರಾಯ್ತಿ." ಅದರಲ್ಲಿ ದೂರಿರಲಿಲ್ಲ. ಊರ ಪಕ್ಕದಲ್ಲೇ ಇರುವ ಗುಡ್ಡವನ್ನು ಹತ್ತಲಾಗಲಿಲ್ಲ ಎನ್ನುವ ಹಾಗೆ ಹೇಳಿದರು. ನನಗೆ ಮಾತ್ರ ಕೈಯಲ್ಲಿದ್ದ ಲೋಟ ಭಾರವಾಯಿತು. ಕಾಫಿ ಹೂವಿನ ಬಗ್ಗೆ ಹೆಮ್ಮೆಯಿಂದ ಮಾತಾಡುವ ನಾವು ಯಾರೂ ಅದು ಬಿಡುವುದನ್ನು ಕಂಡಿಲ್ಲ. ಬಿಟ್ಟ ಮೇಲೆ ಕಂಡು, ಮೂಗರಳಿಸಿ, ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತೇವೆ. ನಾನು ತೋರಿಸ್ತೀನಿ ಅತ್ತೆ ಎಂದುಬಿಟ್ಟೆ. ಕಂಪ್ಯೂಟರ್ ಟೀಚರಿನ ಜಂಬ ಅದರಲ್ಲಿ ಅರ್ಧವಾದರೂ ಇತ್ತು.

ಉಪಾಯ ಸರಳವಾಗಿತ್ತು. ಆಫೀಸ್ ರೂಮು ಎಂದು ನಾವು ದೊಡ್ಡದಾಗಿ ಕರೆಯುವ ಚಿಕ್ಕ ಕೋಣೆಯ ಕಿಟಕಿಯ ಹೊರಗೇ ಆ ಬ್ಲಾಕಿನ ಮೊದಲ ಸಾಲು. ಒಂದು ಕ್ಯಾಮೆರಾವನ್ನು ಬಿದಿರ ಕೋಲಿಗೆ ಕಟ್ಟಿ, ತಂತಿಯನ್ನು ಕಿಟಕಿಯಿಂದ ಒಳಗೆಳೆದು ಲ್ಯಾಪ್‌ಟಾಪಿಗೆ ಚುಚ್ಚುವುದು. ಬೆಳಕಿಗೆ ಒಂದು ಚಾರ್ಜಿನ ದೀಪ. ಲ್ಯಾಪ್‌ಟಾಪು ಬಿಡುವು ಕೊಟ್ಟು ಕೊಟ್ಟು ಚಿತ್ರ ತೆಗೆಯುತ್ತಲೇ ಇರುತ್ತದೆ. ಬೆಳಿಗ್ಗೆ ಎಲ್ಲವನ್ನೂ ಪೋಣಿಸಿ ಓಡಿಸಿದರೆ ಇರುಳಿಡೀ ನಡೆದದ್ದು ಒಂದು ಲೋಟ ಕಾಫಿ ಕುಡಿಯುವ ಹೊತ್ತಿನಲ್ಲಿ ಕಾಣುತ್ತದೆ. ಒಂದೇ ಷರತ್ತು, ಕಂಪ್ಯೂಟರ್ ನಡುವೆ ನಿಲ್ಲಬಾರದು. ಕಾಫಿ ಹೂವು ಬಿಡುವುದು ವರ್ಷಕ್ಕೊಮ್ಮೆ. ಈ ಗಿಡಗಳಿಗೆ ಮುಂದಿನ ವರ್ಷ ಎನ್ನುವುದೇ ಇರಲಿಲ್ಲ.

ಕಿಟಕಿಯ ಪಕ್ಕದ ಸಂಜೆಮಲ್ಲಿಗೆಯ ಮೊಗ್ಗಿನ ಮೇಲೆ ಮೊದಲು ಪರೀಕ್ಷೆ ನಡೆಸಿದೆ. ಅದೇ ಸಂಜೆ ಬಣಕಲ್ಲಿನ ಕಡೆಯಿಂದ ಮೋಡ ಬಂತು, ಗುಡುಗಿತು, ಹೂಮಳೆ ಸುರಿಯಿತು. ಹೂಮಳೆಯೆಂದರೆ ಗೊತ್ತಲ್ಲ, ಬೇಸಿಗೆಯ ನಡುವೆ ಬರುವ ಆ ಒಂದು ಮಳೆ. ಅದು ಬಿದ್ದು ವಾರ, ಹತ್ತು ದಿನದಲ್ಲಿ ಗಿಡಗಳು ಬೆಳ್ಳಗಾಗುತ್ತವೆ. ಎಲ್ಲರೂ ಜಗಲಿಗೆ ಬಂದು ಸಂತೋಷಪಡುತ್ತಿದ್ದರೆ ನಾನು ಆಫೀಸ್ ರೂಮಿಗೆ ಹೋಗಿ ನೋಡಿದೆ. ಲ್ಯಾಪ್‌ಟಾಪು ಕಪ್ಪಗೆ ಕೂತಿತ್ತು. ಸಂಜೆಮಲ್ಲಿಗೆ ಅರ್ಧ ಬಾಯಿ ತೆರೆದಲ್ಲಿಗೆ ಕಥೆ ಮುಗಿದಿತ್ತು.

ಯಾರ ಕೆಲಸವೆಂದು ಕೇಳುವ ಅಗತ್ಯವಿರಲಿಲ್ಲ. ನಮ್ಮ ಕಡೆ ಗುಡುಗಿನ ಮೊದಲ ಸದ್ದಿಗೆ ಪ್ರತಿ ಮನೆಯಲ್ಲೂ ಒಬ್ಬರು ಏಳುತ್ತಾರೆ. ಟಿವಿಯ ತಂತಿ ಕಿತ್ತು, ಫ್ರಿಜ್ಜಿನ ಪ್ಲಗ್ ತೆಗೆದು, ಕಡೆಗೆ ಮೇನ್ ಸ್ವಿಚ್ಚಿಗೆ ಕೈಹಾಕಿ, ಮನೆಯನ್ನು ಸಿಡಿಲಿನಿಂದ ಕಾಪಾಡಿದ ನೆಮ್ಮದಿಯಿಂದ ಬಂದು ಕೂರುತ್ತಾರೆ. ನಮ್ಮ ಮನೆಯಲ್ಲಿ ಅವರು ಮಾವ. ಒಮ್ಮೆ ಸಿಡಿಲಿಗೆ ಟಿವಿ, ಫೋನು ಎರಡೂ ಸುಟ್ಟು ವಾಸನೆ ಬಂದದ್ದನ್ನು ಕಂಡವರು. ಮೊದಲೆಲ್ಲ ಅವರು ಕಂಪ್ಯೂಟರಿನ ಮೇಲಿನ ಗುಂಡಿಯನ್ನೇ ಅದುಮಿ ಹಿಡಿದು ಉಸಿರು ನಿಲ್ಲಿಸುತ್ತಿದ್ದರು. ಅದು ತಪ್ಪು ಮಾವ, ಹಾಗೆ ಮಾಡಬಾರದು, ಇಲ್ಲಿ ಒತ್ತಿ, ಆಮೇಲೆ ಇಲ್ಲಿ, ಆಮೇಲೆ ಶಟ್‌ಡೌನ್ ಎಂದು ಕೂರಿಸಿಕೊಂಡು ಕಲಿಸಿದವಳು ನಾನೇ. ನನ್ನ ವೃತ್ತಿಜೀವನದಲ್ಲಿ ಕಲಿಸಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ವಿದ್ಯಾರ್ಥಿ ಇನ್ನೊಬ್ಬರಿಲ್ಲ.

ಮುಚ್ಚಬೇಡಿ ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಿದೆ. "ಆಯ್ತಮ್ಮ" ಎಂದರು. ಮಾರನೆಯ ದಿನವೂ ಗುಡುಗಿತು, ಆಗ ಅವರ ಕಿವಿಗೂ ಕೈಗೂ ನಡುವೆ ನನ್ನ ಮಾತು ಎಲ್ಲೂ ಸಿಕ್ಕಲಿಲ್ಲ. ಚೀಟಿ ಅಂಟಿಸಿದೆ. ಚೀಟಿಯನ್ನು ಹರಿಯದಂತೆ ಬಿಡಿಸಿ, ಮಡಿಸಿ, ಪಕ್ಕಕ್ಕಿಟ್ಟು ಶಟ್‌ಡೌನ್ ಮಾಡಿದರು. ಆಮೇಲೆ ಅವರಿಗೇ ನಾಚಿಕೆಯಾಗಿ ನನಗಿಂತ ಮುಂಚೆ ಅತ್ತೆಯ ಹತ್ತಿರ ಹೇಳಿಕೊಂಡರು. ಅಂಥವರನ್ನು ಬೈಯುವುದಾದರೂ ಹೇಗೆ? ಹಗಲೆಲ್ಲ ನಾನು ಮೂಡಿಗೆರೆಯಲ್ಲಿ, ಗುಡುಗುವುದು ನಾನು ಬಸ್ಸಿನಲ್ಲಿರುವ ಹೊತ್ತಿಗೆ. ಮೊಗ್ಗುಗಳು ದಿನದಿಂದ ದಿನಕ್ಕೆ ಬೆಳ್ಳಗಾಗುತ್ತಿದ್ದವು. ಕಂಪ್ಯೂಟರೇ ತನ್ನ ಪರವಾಗಿ ಮಾತಾಡುವಂತೆ ಮಾಡದೆ ಬೇರೆ ದಾರಿಯಿರಲಿಲ್ಲ.

ಹುಡುಕುತ್ತಾ ಹೋದೆ. ಇಲ್ಲಿಂದ ಮುಂದಿನದನ್ನು ನೀವು ನಂಬಬೇಕು. ಇಷ್ಟು ಕಾಲವೂ ನಾನು ಶಟ್‌ಡೌನ್ ಎಂದರೆ ಒಂದು ಸ್ವಿಚ್ಚು ಎಂದುಕೊಂಡಿದ್ದೆ. ಮಕ್ಕಳಿಗೂ ಹಾಗೇ ಹೇಳಿದ್ದೆ. ಅದು ಸ್ವಿಚ್ಚಲ್ಲ. ನಾವು ಮುಚ್ಚು ಎಂದ ಮೇಲೆ ಆ ಯಂತ್ರ ಒಳಗಡೆ ತೆರೆದಿರುವ ಒಂದೊಂದು ಪ್ರೋಗ್ರಾಮಿನ ಬಾಗಿಲಿಗೂ ಹೋಗಿ, ನಾನು ಹೊರಡಬಹುದೇ ಎಂದು ಕೇಳುತ್ತದೆ. ದೊಡ್ಡದು ಚಿಕ್ಕದು ಎಂದಿಲ್ಲ. ಲೆಕ್ಕ ಮಾಡುವುದನ್ನೂ ಕೇಳುತ್ತದೆ, ಹಾಡು ಹಾಡುವುದನ್ನೂ ಕೇಳುತ್ತದೆ, ಮೂಲೆಯಲ್ಲಿ ಗಡಿಯಾರ ತೋರಿಸುತ್ತಾ ಕೂತ ಬಡಪಾಯಿಯನ್ನೂ ಕೇಳುತ್ತದೆ. ಎಲ್ಲರೂ ಹೂಂ ಎಂದರೆ ಹೊರಡುತ್ತದೆ. ಯಾರೋ ಒಬ್ಬರು, ನನ್ನದೊಂದು ಕೆಲಸ ಅರ್ಧಕ್ಕಿದೆ, ಈಗ ಬೇಡ ಎಂದರೆ ಅಷ್ಟು ದೊಡ್ಡ ಯಂತ್ರ ನಿಲ್ಲುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಸಾವಿರ ಲೆಕ್ಕ ಮಾಡಿ ಮುಗಿಸುವ ಆ ವಸ್ತು ಹೊರಡುವ ಹೊತ್ತಿಗೆ ಮಾತ್ರ ಇಷ್ಟು ನಿಧಾನ, ಇಷ್ಟು ಮರ್ಯಾದೆ. ದಿನಾ ಸಂಜೆ ನನ್ನ ಬೆರಳಿನ ಕೆಳಗೆ ಇಷ್ಟೆಲ್ಲ ನಡೆಯುತ್ತಿತ್ತು, ನಾನು ಬ್ಯಾಗು ಹೆಗಲಿಗೇರಿಸಿ ಲೈಟು ಆರಿಸುತ್ತಿದ್ದೆ.

ಇದು ಯಾವ ದೇಶದವರು ಕೂತು ಬರೆದಿಟ್ಟ ನಿಯಮವೋ ನಾನರಿಯೆ, ನನಗಂತೂ ನಮ್ಮ ಜಗಲಿಯ ನಿಯಮವೇ ಕಂಡಿತು. ನಾವೂ ಹೋಗ್ತೀನಿ ಎನ್ನುವುದಿಲ್ಲವಲ್ಲ, ಬರ್ತೀನಿ ಎನ್ನುತ್ತೇವೆ. ಹೊಸಿಲು ದಾಟಿದವರನ್ನು ಹಿಂದಿನಿಂದ ಕೂಗಿದರೆ ಅವರು ಒಳಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ದೇವರ ಮುಂದಿನ ದೀಪವನ್ನು ಆರಿತು ಎನ್ನದೆ ಶಾಂತವಾಯಿತು ಎನ್ನುತ್ತೇವೆ. ಮುಗಿಯುವುದನ್ನು ಮುಗಿಯಿತು ಎಂದು ಮುಖಕ್ಕೆ ಹೊಡೆದಂತೆ ಹೇಳಲು ನಮ್ಮ ನಾಲಿಗೆ ಏಳುವುದಿಲ್ಲ. ಕಂಪ್ಯೂಟರಿಗೂ ಏಳುವುದಿಲ್ಲ ಎಂದು ತಿಳಿದ ದಿನ ಅದು ನನ್ನ ಕಣ್ಣಿಗೆ ಸ್ವಲ್ಪ ನೆಂಟರಂತೆ ಕಂಡದ್ದು ನಿಜ. ವಿದ್ಯುತ್ ಇಲಾಖೆಗೆ ಮಾತ್ರ ಈ ಶಾಸ್ತ್ರ ಯಾವುದೂ ಇಲ್ಲ, ಆ ಮಾತು ಬೇರೆ.

ಇದರಲ್ಲಿ ಇನ್ನೂ ಎರಡು ಸೂಕ್ಷ್ಮಗಳಿವೆ. ಸುಮ್ಮನೆ ಬೇಡ ಎಂದರಾಗುವುದಿಲ್ಲ, ಕಾರಣ ಹೇಳಬೇಕು. ಆ ಕಾರಣವನ್ನು ಯಂತ್ರ ಪರದೆಯ ಮೇಲೆ ತೋರಿಸಿ, ಇಂಥವರು ಹೀಗೆ ಹೇಳುತ್ತಿದ್ದಾರೆ, ಏನು ಮಾಡಲಿ ಎಂದು ನಮ್ಮನ್ನೇ ಕೇಳುತ್ತದೆ. ಪಕ್ಕದಲ್ಲೇ, ಆದರೂ ಮುಚ್ಚು ಎನ್ನುವ ಗುಂಡಿಯೂ ಇರುತ್ತದೆ. ಅಂದರೆ ಕಡೆಯ ಮಾತು ಕೂತವರದ್ದೇ. ಇನ್ನೊಂದು, ಕೆಲಸ ಮುಗಿದ ಮೇಲೆ ಹೇಳಿದ ಕಾರಣವನ್ನು ನಾವೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಈ ಎರಡನೆಯದನ್ನು ನಾನು ಸರಿಯಾಗಿ ಓದಿಕೊಳ್ಳಲಿಲ್ಲ. ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಎತ್ತಿ ಹೊಲಿದ ನನ್ನ ಮೊದಲ ಸ್ಕ್ರಿಪ್ಟು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಬರೆದವಳೇ ಮುಚ್ಚಲು ಹೋದರೂ ಬೇಡ ಎಂದಿತು. ಕೆಲಸವಿಲ್ಲ, ಹೂವಿಲ್ಲ, ಆದರೂ ಬೇಡ. ನಾನು ಅದರ ಮುಂದೆ ಕೂತು ಬೇಡಿಕೊಳ್ಳುತ್ತಿದ್ದುದನ್ನು ಕಂಡು ಅತ್ತೆ ನಕ್ಕರು. "ಕಾಫಿ ಆದ್ಮೇಲೆ ನಾನಾದ್ರೂ ಬಿಡ್ತೀನಪ್ಪ" ಎಂದರು.

ಕಾರಣದ ಸಾಲಿನಲ್ಲಿ ಏನು ಬರೆದಿದ್ದೀಯ ಎಂದೂ ಅವರೇ ಕೇಳಿದರು. ಚಿತ್ರೀಕರಣ ನಡೆಯುತ್ತಿದೆ, ಮುಚ್ಚಕೂಡದು ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಅರ್ಥ ಹೇಳಿದೆ. ಅತ್ತೆಯ ಮುಖ ಹುಳ್ಳಗಾಯಿತು. "ಹಂಗಂದ್ರೆ ಯಾರು ಕೂತ್ಕಂತಾರೆ ಮಾರಾಯ್ತಿ? ಎದ್ದು ಹೋಗೋರಿಗೆ ಇನ್ನೊಂದು ನೆಪ ಆಯ್ತು" ಎಂದು, ಏನು ಬರೆಯಬೇಕೆಂದು ತಾವೇ ಹೇಳಿದರು. ಬಿಟ್ಟುಹೋಗಿದ್ದ ಎರಡನೆಯ ಸೂಕ್ಷ್ಮವನ್ನು ಸರಿಪಡಿಸಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಕುಟ್ಟಿದೆ.

ಮೊಗ್ಗುಗಳು ಬತ್ತಿಯ ಹಾಗೆ ನೀಳವಾಗಿ, ಇನ್ನು ತಡೆಯಲಾರೆವು ಎನ್ನುವಂತೆ ನಿಂತ ಬೆಳಿಗ್ಗೆ ಬಂತು. ಕ್ಯಾಮೆರಾ ಕಟ್ಟಿ, ಸ್ಕ್ರಿಪ್ಟು ಓಡಿಸಿ, ಚಾರ್ಜಿನ ದೀಪವನ್ನು ಕತ್ತಲಾಗುವ ಮುಂಚೆ ಹಚ್ಚಲು ಅತ್ತೆಗೆ ಹೇಳಿ ಶಾಲೆಗೆ ಹೋದೆ. ಸಂಜೆ ವಾಪಸು ಬರುವಾಗ ಬಸ್ಸು ಬಣಕಲ್ಲು ದಾಟುತ್ತಿದ್ದಂತೆ ಚಾರ್ಮಾಡಿಯ ಕಡೆ ಆಕಾಶ ಕಪ್ಪಾಗಿತ್ತು. ಮೊದಲ ಗುಡುಗು ಕೇಳಿದಾಗ ನಾನಿನ್ನೂ ಬಸ್ಸಿನಲ್ಲಿ. ಎರಡನೆಯದು ಕೇಳಿದಾಗ ಗೇಟಿನಲ್ಲಿ. ಮಾವನ ಕೈ ಎಲ್ಲಿಗೆ ಹೋಗಿರುತ್ತದೆಂದು ನನಗೆ ಗೊತ್ತಿತ್ತು. ಗೇಟಿನಿಂದ ಮನೆಗೆ ನಾನು ನಡೆದದ್ದೋ ಓಡಿದ್ದೋ ನೆನಪಿಲ್ಲ. ಅತ್ತೆಗೆ ಏನು ಹೇಳುವುದು ಎನ್ನುವುದೊಂದೇ ತಲೆಯಲ್ಲಿತ್ತು.

ಆಫೀಸ್ ರೂಮಿನಲ್ಲಿ ಮಾವ ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಕಿತ್ತ ಪ್ಲಗ್ಗು ಕೈಯಲ್ಲೇ ಇತ್ತು. ಪರದೆ ಬೆಳಗುತ್ತಿತ್ತು. ನನ್ನನ್ನು ಕಂಡು ದನಿ ತಗ್ಗಿಸಿ, "ಸ್ವಲ್ಪ ಕೂತ್ಕೊಳ್ಳಿ, ಹೂವು ಬಿಡ್ತಾ ಇದೆ ಅಂತು. ಕೂತಿದೀನಿ" ಎಂದರು.

ನಾನು ಬ್ಯಾಗು ಇಳಿಸಿ ಪರದೆಗೆ ಬಗ್ಗಿದೆ. ಅವರೇ ಮುಂದುವರಿಸಿದರು. "ಪ್ಲಗ್ ತೆಗ್ದಿದೀನಿ, ಬ್ಯಾಟರಿ ಇರ್ತದಲ್ಲ? ಪಕ್ಕದಲ್ಲಿ, ಆದ್ರೂ ಮುಚ್ಚು ಅಂತ ಇಂಗ್ಲಿಷಲ್ಲಿ ಇತ್ತು. ಅಷ್ಟು ಕೇಳ್ಕಂಡ್ಮೇಲೆ ಹೆಂಗಮ್ಮ ಒತ್ತೋದು? ಬೇಡ ಅನ್ನೋದನ್ನ ಒತ್ತಿ ಕೂತ್ಕಂಡೆ."

ನಾನು ಹೇಳಿದ್ದು, ಚೀಟಿಯಲ್ಲಿ ಬರೆದದ್ದು ಸಾಕಾಗದ ಕಡೆ ಅತ್ತೆಯ ಒಂದು ಸಾಲು ಸಾಕಾಯಿತು. ಅದು ಅತ್ತೆಯದೆಂದು ಮಾವನಿಗೆ ಗೊತ್ತಾಗಿರಲೂಬಹುದು. ಆ ದನಿಗೆ ಅವರು ಕೂರುತ್ತಾ ಬಂದು ಒಂದು ಆಯಸ್ಸೇ ಆಯಿತಲ್ಲ. ಗುಡುಗು ಆಲೇಖಾನ್ ಗುಡ್ಡದಾಚೆ ಹೋಯಿತು, ನಾಲ್ಕು ಹನಿಯೂ ಬೀಳಲಿಲ್ಲ. ಮಾವ ಪ್ಲಗ್ಗನ್ನು ಮತ್ತೆ ಚುಚ್ಚಿ, ಕುರ್ಚಿಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ ಎದ್ದರು.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಪರಿಮಳ ಒಳಗೆ ಬಂದಿತ್ತು. ಇಳಿಜಾರಿಡೀ ಬಿಳಿ. ಪೊಳ್ಳು ಕಾಂಡದ, ನಾಳೆಯಿಲ್ಲದ ಗಿಡಗಳು ತುದಿಯಿಂದ ಬುಡದವರೆಗೆ ಒಂದು ಗಿಣ್ಣೂ ಬಿಡದೆ ಹೂ ಕಟ್ಟಿಕೊಂಡು ನಿಂತಿದ್ದವು. ನಾನು ಚಿತ್ರಗಳನ್ನು ಪೋಣಿಸಿ ಓಡಿಸಿದೆ, ನಾವು ನಾಲ್ವರೂ ಆಫೀಸ್ ರೂಮಿನಲ್ಲಿ ಒತ್ತಿಕೊಂಡು ನಿಂತು ನೋಡಿದೆವು. ಮೊದಲು ಏನೂ ಇಲ್ಲ. ಬತ್ತಿಗಳು ಸುಮ್ಮನೆ ನಿಂತಿವೆ. ಆಮೇಲೆ ಒಂದು ಸಣ್ಣಗೆ ನಡುಗುತ್ತದೆ, ಪಕ್ಕದ್ದು ನಡುಗುತ್ತದೆ. ಒಂದರ ತುದಿ ಸಡಿಲವಾಗುತ್ತದೆ. ಎಸಳು ಬಿಡಿಸಿಕೊಳ್ಳಲು ಸ್ವಲ್ಪ ತಿರುಗುತ್ತದೆ, ಬಾಗುತ್ತದೆ, ಮತ್ತೆ ತಡೆದು ನಿಲ್ಲುತ್ತದೆ. ಒಂದು ತೆರೆದದ್ದೇ ತಡ ಕೊಂಬೆಯಿಡೀ ಒಂದರ ಹಿಂದೊಂದು ಬಾಯಿ ಬಿಡುತ್ತಾ ಹೋಗುತ್ತವೆ. ಎಲೆಗಳೂ ಪಕ್ಕಕ್ಕೆ ಸರಿದು ಜಾಗ ಕೊಡುತ್ತವೆ. ಹೂವಿನಷ್ಟು ಮೆತ್ತಗಿನ ವಸ್ತುವಿಗೆ ಇಷ್ಟು ಬಲವಿದೆಯೆಂದು ನಾನು ಎಣಿಸಿರಲಿಲ್ಲ. ಮಾವ ಕೈಮುಗಿದಂತೆ ಎದೆಯ ಹತ್ತಿರ ಕೈ ಹಿಡಿದಿದ್ದರು. ನಮ್ಮವರು, ತೆಗೆಸುವುದೆಂದು ತೀರ್ಮಾನಿಸಿದವರು, ಇನ್ನೊಂದ್ಸಲ ಹಾಕು ಎಂದರು.

ಅತ್ತೆ ಪರದೆಯ ಹತ್ತಿರಕ್ಕೆ ಬಗ್ಗಿ, "ನಾವು ಮಲ್ಗಿದಾಗೆಲ್ಲ ಇವು ಇಷ್ಟು ಕೆಲ್ಸ ಮಾಡ್ತಿದ್ವಾ?" ಎಂದರು. ಆಮೇಲೆ ನಾನು ಸ್ಕ್ರಿಪ್ಟು ನಿಲ್ಲಿಸಿ, ಕಾರಣವನ್ನು ಹಿಂದಕ್ಕೆ ತೆಗೆದುಕೊಂಡು, ಕಂಪ್ಯೂಟರಿಗೆ ಹೊರಡು ಎಂದೆ. ಅದು ಒಳಗೆ ಎಲ್ಲರನ್ನೂ ಕೇಳಿತು. ಯಾರೂ ಬೇಡ ಎನ್ನಲಿಲ್ಲ.

ಹೂವು ಕಂದಿತು, ಉದುರಿತು. ಬೇಸಿಗೆ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಮೇಸ್ತ್ರಿ ಆಳುಗಳನ್ನು ಕರೆದುಕೊಂಡು, ಹಾರೆ ಪಿಕಾಸಿ ಸಮೇತ ಕಣಕ್ಕೆ ಬಂದ. ಹೂವಿದ್ದ ಜಾಗದಲ್ಲೆಲ್ಲ ಹಸಿರು ಕಾಯಿ, ಮೆಣಸಿನ ಕಾಳಿನಷ್ಟು, ಕಟ್ಟಿಕೊಂಡಿತ್ತು. ನಮ್ಮವರು ಜಗಲಿಯಲ್ಲಿ ನಿಂತು ಒಳಗಿನ ಬಾಗಿಲನ್ನೇ ನೋಡುತ್ತಿದ್ದರು. ತಾಯಿ ಈಗ ಕಾಯಿ ಹಣ್ಣಾಗಲಿ ಎನ್ನುತ್ತಾರೆ, ಎಂದರೆ ತಾವು ಹೂಂ ಎಂದುಬಿಡಬಹುದು ಎನ್ನುವ ಅಳುಕು ಅವರ ಮುಖದಲ್ಲಿ ಕಾಣುತ್ತಿತ್ತು. ಅತ್ತೆ ಅನ್ನದಿದ್ದರೆ ನಾನೇ ಅನ್ನಬೇಕೆಂದು ನಾನೂ ಬಾಗಿಲ ಪಕ್ಕ ಕಾಯುತ್ತಿದ್ದೆ. ಕಾರಣವನ್ನು ಕೂಡ ಹುಡುಕಿಟ್ಟುಕೊಂಡಿದ್ದೆ.

ಮೇಸ್ತ್ರಿ ಹಾರೆ ಎತ್ತಿಕೊಂಡ. ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮೇಸ್ತ್ರಿ, ಕಾಫಿಗೆ ಇಟ್ಟೀನಿ, ಕುಡ್ಕಂಡು ಶುರು ಮಾಡಿ."

ನನಗೆ ಜೀವ ಬಂದಂತಾಯಿತು. ಇನ್ನೇನು, ನಮಗೆ ಗೊತ್ತಿರುವ ಕಥೆಯೇ. ಕಾಫಿ, ಅದರ ಬೆನ್ನಿಗೆ ಕೋಡುಬಳೆ, ಅದರ ಬೆನ್ನಿಗೆ ಯಾರದೋ ಮದುವೆ, ಹೊತ್ತು ಏರಿಬಿಡುತ್ತದೆ, ಇವತ್ತಿಗಂತೂ ಆಗುವುದಿಲ್ಲ. ಒಲೆ ಹಚ್ಚಿ ನೀರಿಡಲು ಕೈಜೋಡಿಸೋಣವೆಂದು ಒಳಗೆ ಓಡಿದೆ.

ಒಲೆ ಆಗಲೇ ಆರಿತ್ತು. ಕಾಫಿ ಆಗಿ, ಸೋಸಿ, ಆಳುಗಳಷ್ಟೂ ಮಂದಿಗೆ ಲೋಟಗಳಲ್ಲಿ ಹೊಯ್ದು ತಟ್ಟೆಯಲ್ಲಿ ಜೋಡಿಸಿಟ್ಟಾಗಿತ್ತು. "ತಗಂಡು ಹೋಗು, ಬಿಸಿಯಿದೆ" ಎಂದರು ಅತ್ತೆ.